ಗಟ್ಟಿಮೇಳ ಮುಗಿಯುವುದರೊಳಗೆ: ಫ್ಲಾಶ್‌ಗೆ ಯಾವ ಸೆಲ್?

(ಆಷಾಢದ ಒಂದು ಭಾನುವಾರ ಸಾಗರದಲ್ಲಿ ಸುತ್ತಮುತ್ತಲಿನ ಫೋಟೋ ಸ್ಟುಡಿಯೋದವರು ಸೇರಿದ್ದಾಗ ನಾನು ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಹೆಂಚಿನ ಮೇಲೆ ಮಳೆ ಜೋರಾಗಿ ಬಿದ್ದು ಕೇಳದೇ ಹೋದ ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಷಾಢದಲ್ಲಿ ಇಟ್ಟುಕೊಂಡಿದ್ದಕ್ಕೆ ಇಷ್ಟು ಜನ ಬಂದಿದ್ದೀರಿ. ವೈಶಾಖದಲ್ಲಿ ಇಟ್ಟಿದ್ದರೆ ನೀವೂ ಬರುತ್ತಿರಲಿಲ್ಲ, ನಾನೂ ಬರುತ್ತಿರಲಿಲ್ಲ.

ನನಗೆ ಕೊಟ್ಟ ವಿಷಯ ಮದುವೆಯಲ್ಲಿ ಫ್ಲಾಶ್ ಬಳಸೋದು ಹೇಗೆ ಅಂತ. ಬೆಳಕನ್ನು ಸೂರಿಗೆ, ಗೋಡೆಗೆ ಹೊಡೆದು ತಿರುಗಿಸುವ ಬೌನ್ಸ್, ಬೆಳಕನ್ನು ಮೆತ್ತಗೆ ಮಾಡುವ ಡಿಫ್ಯೂಸರ್ ಇದೆಲ್ಲ ನಿಮಗೆ ಗೊತ್ತು. ನಾನು ಫ್ಲಾಶಿನ ಹೊಟ್ಟೆಯಲ್ಲಿರುವ ನಾಲ್ಕು ಪೆನ್ಸಿಲ್ ಸೆಲ್ ಬಗ್ಗೆ ಮಾತ್ರ ಮಾತಾಡುತ್ತೇನೆ. ಸೆಲ್ಲಿನಲ್ಲಿ ಮಾತಾಡೋಕೆ ಏನಿದೆ ಅಂತ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಸೆಲ್ಲಿನಿಂದ ನನ್ನ ಮರ್ಯಾದೆ ಒಂದು ಸಲ ಹೋಗಿದೆ, ಅದಕ್ಕೇ.

ಹದಿನೈದು ವರ್ಷದ ಹಿಂದಿನ ಮಾತು. ಹಳ್ಳಿಯ ಒಂದು ಛತ್ರ, ಬೆಳಗಿನ ಮುಹೂರ್ತ. ಹಿಂದಿನ ರಾತ್ರಿ ಬೇರೆ ಊರಲ್ಲಿ ಆರತಕ್ಷತೆ ಮುಗಿಸಿ ಬಂದು ಹಾಗೇ ಮಲಗಿದ್ದೆ, ಸೆಲ್ ಚಾರ್ಜಿಗೆ ಹಾಕಿರಲಿಲ್ಲ. ಬೆಳಿಗ್ಗೆ ಛತ್ರದ ಎದುರಿನ ಅಂಗಡಿಯಲ್ಲಿ ನಾಲ್ಕು ಹೊಸ ಆಲ್ಕಲೈನ್ ಸೆಲ್ ತಗೊಂಡೆ. ಹೊಸ ಸೆಲ್, ಇನ್ನೇನು ಬೇಕು ಅಂದುಕೊಂಡೆ. ಕಾಶಿಯಾತ್ರೆ, ವರಪೂಜೆ ಎಲ್ಲದಕ್ಕೂ ಧಾರಾಳವಾಗಿ ಹೊಡೆದೆ. ಅಂತರಪಟ ಸರಿಯಿತು. ಒಂದು ಫೋಟೋ ಬಂತು. ಜೀರಿಗೆ ಬೆಲ್ಲ ಹಾಕುವಾಗ ಹುಡುಗಿ ನಗುತ್ತಾ ಎರಡೂ ಕೈ ಎತ್ತಿದಳು. ಬಟನ್ ಒತ್ತಿದೆ. ಕ್ಯಾಮೆರಾ ಸದ್ದು ಮಾಡಿತು, ಫ್ಲಾಶ್ ಮಾತ್ರ ಮಿಂಚಲಿಲ್ಲ. ಹಿಂದಿನ ರೆಡಿ ಲೈಟ್ ಹತ್ತಿರಲಿಲ್ಲ. ಒಳಗಿಂದ 'ಕುಂಯ್' ಅಂತ ನಾಯಿಮರಿ ಅಳುವ ಹಾಗೆ ಸದ್ದು, ಅಷ್ಟೇ. ಗಟ್ಟಿಮೇಳ ಶುರುವಾಯಿತು. ದೀಪ ಹತ್ತುವ ಹೊತ್ತಿಗೆ ಮೂರನೇ ಗಂಟೂ ಬಿದ್ದಾಗಿತ್ತು.

"ಇನ್ನೊಂದ್ಸಲ ತಾಳಿ ಹಿಡ್ಕೊಂಡು ನಿಲ್ತೀರಾ" ಅಂದೆ. ನಿಂತರು, ಪಾಪ. ವಾಲಗದವರ ಕಡೆ ನೋಡಿದೆ. "ಗಟ್ಟಿಮೇಳ ಎರಡ್ ಸಲ ಬಾರ್ಸಲ್ಲ ಸಾರ್" ಅಂದರು. ಆ ಆಲ್ಬಂನಲ್ಲಿ ಈಗಲೂ ಆ ಫೋಟೋ ಇದೆ. ಗಂಡು, ಹೆಣ್ಣು, ಪುರೋಹಿತರು, ಎರಡೂ ಕಡೆಯ ಬೀಗರು, ಎಲ್ಲರೂ ಕ್ಯಾಮೆರಾ ನೋಡುತ್ತಾ ತಾಳಿ ಕಟ್ಟುತ್ತಿದ್ದಾರೆ.

ಅಂಗಡಿಯವನದ್ದು ತಪ್ಪಿಲ್ಲ. ಸೆಲ್ ನಿಜಕ್ಕೂ ಹೊಸದೇ ಆಗಿತ್ತು. ಕಂಪನಿ ಮಾಲೇ. ಹಾಗಾದರೆ ಏನಾಯ್ತು?

ಫ್ಲಾಶ್ ಟ್ಯೂಬ್ ಸೆಲ್ಲಿನಿಂದ ನೇರವಾಗಿ ಉರಿಯೋದಿಲ್ಲ. ನಡುವೆ ಒಂದು ಕೆಪಾಸಿಟರ್ ಇದೆ. ಸೆಲ್ಲುಗಳಿಂದ ಬರುವ ಐದಾರು ವೋಲ್ಟನ್ನು ಒಳಗಿನ ಸರ್ಕ್ಯೂಟ್ 300 ವೋಲ್ಟಿಗೂ ಮೇಲೆ ಏರಿಸಿ ಆ ಕೆಪಾಸಿಟರ್‌ಗೆ ತುಂಬಿಸುತ್ತದೆ. ಆ ಕುಂಯ್ ಸದ್ದು ಈ ಏರಿಸುವ ಕೆಲಸದ್ದು. ತುಂಬಿದ ಮೇಲೆ ದೀಪ ಹತ್ತುತ್ತದೆ. ನೀವು ಬಟನ್ ಒತ್ತಿದಾಗ ಅಷ್ಟೂ ಒಂದೇ ಏಟಿಗೆ, ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಟ್ಯೂಬಿಗೆ ಸುರಿಯುತ್ತದೆ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1931ರ ಸುಮಾರಿಗೆ ಸ್ಟ್ರೋಬ್, ಅಂದರೆ ಮತ್ತೆ ಮತ್ತೆ ಮಿಂಚುವ ದೀಪ, ಮಾಡಿದಾಗಿನಿಂದ ಮೂಲ ಉಪಾಯ ಇದೇ: ನಿಧಾನವಾಗಿ ತುಂಬಿಸು, ಒಮ್ಮೆಗೇ ಸುರಿ. ಅದಕ್ಕೂ ಮುಂಚೆ ಬಲ್ಬು, ಅದಕ್ಕೂ ಮುಂಚೆ ಮೆಗ್ನೀಶಿಯಂ ಪುಡಿ. ಬಲ್ಬು ಒಂದು ಫೋಟೋಗೆ ಒಂದು. ಪುಡಿ ಸುಟ್ಟು ಎಲ್ಲರಿಗೂ ಹೊಗೆ ಕುಡಿಸಿ ಫೋಟೋ ತೆಗೆಯುವ ಕಾಲ ನಮ್ಮ ಪಾಲಿಗೆ ಬರಲಿಲ್ಲ, ಪುಣ್ಯ.

ಈಗ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಕೆಪಾಸಿಟರ್ ಅಂದರೆ ಕೆಳಗೆ ಬಚ್ಚಲಲ್ಲಿ ಇಟ್ಟ ಬಕೆಟ್. ಸೆಲ್ ಅಂದರೆ ಟ್ಯಾಂಕ್. ಸೆಲ್ ಮೇಲೆ ಬರೆದಿರುವ ಎಂಎಎಚ್ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಹೇಳುತ್ತದೆ. ವೋಲ್ಟೇಜ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ಹೇಳುತ್ತದೆ. ಆದರೆ ಬಕೆಟ್ ಎಷ್ಟು ಬೇಗ ತುಂಬುತ್ತೆ? ಅದು ಪೈಪಿನ ದಪ್ಪದ ಮೇಲೆ ಹೋಗುತ್ತದೆ, ಅಲ್ವಾ? ಆ ಪೈಪಿನ ದಪ್ಪವನ್ನು ಯಾವ ಸೆಲ್ ಮೇಲೂ ಬರೆಯೋದಿಲ್ಲ. ಅದಕ್ಕೆ ಇಂಟರ್ನಲ್ ರೆಸಿಸ್ಟೆನ್ಸ್ ಅಂತಾರೆ. ಜಾಸ್ತಿ ಇದ್ದರೆ ಪೈಪು ಸಣ್ಣ, ಕಡಿಮೆ ಇದ್ದರೆ ಪೈಪು ದಪ್ಪ.

ಲೆಕ್ಕ ಹಾಕಿ ತೋರಿಸುತ್ತೇನೆ. ಗಣಿತ ಬೇಡ ಅನ್ನುವವರು ಎರಡು ನಿಮಿಷ ಕಿಟಕಿಯಾಚೆ ಮಳೆ ನೋಡಬಹುದು.

ದೊಡ್ಡ ಫ್ಲಾಶ್ ಫುಲ್ ಪವರ್‌ನಲ್ಲಿ ಹೊಡೆಯಲು ಸುಮಾರು 60ರಿಂದ 75 ಜೂಲ್ ಶಕ್ತಿ ಬೇಕು. ಹೊಸ ಆಲ್ಕಲೈನ್ ಸೆಲ್ ಒಂದರ ಒಳಗಿನ ತಡೆ ಸುಮಾರು 0.15 ಓಮ್ ಅಂತ ಇಟ್ಟುಕೊಳ್ಳಿ. ನಾಲ್ಕು ಸೆಲ್ ಸಾಲಾಗಿ ನಿಂತಾಗ 0.6 ಓಮ್, 6 ವೋಲ್ಟ್. ಇಂಥ ಸೆಟ್ಟಿನಿಂದ ಹೊರಗೆ ತೆಗೆಯಬಹುದಾದ್ದು ಹೆಚ್ಚೆಂದರೆ 15 ವ್ಯಾಟ್, ಅಂದರೆ ಸೆಕೆಂಡಿಗೆ 15 ಜೂಲ್. ಅಷ್ಟು ತೆಗೆಯುವಾಗ ಇನ್ನೊಂದು 15 ವ್ಯಾಟ್ ಸೆಲ್ಲಿನೊಳಗೇ ಬಿಸಿಯಾಗಿ ಹಾಳಾಗುತ್ತದೆ. 60 ಜೂಲಿಗೆ 15 ವ್ಯಾಟ್ ಅಂದರೆ ನಾಲ್ಕು ಸೆಕೆಂಡ್. ಇದು ಸೆಲ್ ಹೊಚ್ಚ ಹೊಸದಿದ್ದಾಗ. ಆಲ್ಕಲೈನ್ ಸೆಲ್ ಖರ್ಚಾದಂತೆ ಈ ತಡೆ ಏರುತ್ತಾ ಹೋಗುತ್ತದೆ, ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಎರಡೂ ಕಡೆಯಿಂದ ಹೊಡೆತ.

ಇನ್ನು ಒಳ್ಳೆಯ ರೀಚಾರ್ಜ್ ಸೆಲ್. ನಿಕಲ್ ಮೆಟಲ್ ಹೈಡ್ರೈಡ್. ಇದರ ವೋಲ್ಟೇಜ್ ಬರೀ 1.2. ನಾಲ್ಕಕ್ಕೆ 4.8. ಹಾಗಾಗಿ ಜನ ಇದು ವೀಕ್ ಅಂದುಕೊಳ್ಳುತ್ತಾರೆ. ಆದರೆ ಒಳಗಿನ ತಡೆ 0.03 ಓಮ್ ಆಸುಪಾಸು. ನಾಲ್ಕಕ್ಕೆ 0.12. ಇದು 40 ವ್ಯಾಟಿಗೂ ಮೇಲೆ ಕೊಡಬಲ್ಲದು. ಟ್ಯಾಂಕ್ ಸ್ವಲ್ಪ ತಗ್ಗಿನಲ್ಲಿದೆ, ಪೈಪು ಮಾತ್ರ ಐದು ಪಟ್ಟು ಸಲೀಸು.

ಇದು ಬರೀ ಬೋರ್ಡಿನ ಲೆಕ್ಕ ಅಲ್ಲ. ನಿಕಾನ್ ಎಸ್‌ಬಿ-900 ಫ್ಲಾಶ್ ನಿಮ್ಮಲ್ಲಿ ಕೆಲವರ ಹತ್ತಿರ ಇರಬಹುದು. ಅದರ ಕೈಪಿಡಿ ತೆಗೆದು ನೋಡಿ. ಫುಲ್ ಪವರ್ ಆದ ಮೇಲೆ ಮತ್ತೆ ತಯಾರಾಗಲು ಆಲ್ಕಲೈನ್‌ನಲ್ಲಿ ಸುಮಾರು 4 ಸೆಕೆಂಡ್, ನಿಕಲ್ ಸೆಲ್‌ನಲ್ಲಿ ಸುಮಾರು 2.3. ಒಟ್ಟು ಫ್ಲಾಶ್ ಆಲ್ಕಲೈನ್‌ನಲ್ಲಿ 110, ನಿಕಲ್‌ನಲ್ಲಿ 190. ಆ ಪಟ್ಟಿಯಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಓದೋದಿಲ್ಲ. ಈ 110ರ ಲೆಕ್ಕ ನಿಲ್ಲುವುದು ಕಾಯುವ ಹೊತ್ತು 30 ಸೆಕೆಂಡಿಗೆ ಬಂದಾಗ. ಅಂದರೆ ಕೊನೆಕೊನೆಯ ಫ್ಲಾಶ್‌ಗಳಿಗೆ ಅರ್ಧ ನಿಮಿಷದ ತನಕ ಕಾಯಬೇಕು. ಅರ್ಧ ನಿಮಿಷದಲ್ಲಿ ಒಂದು ಮದುವೆ ಆಗಿಹೋಗುತ್ತದೆ, ಸ್ವಾಮಿ.

ನನಗೆ ಆ ದಿನ ಆಗಿದ್ದೂ ಇದೇ. ಟ್ಯಾಂಕಿನಲ್ಲಿ ನೀರಿತ್ತು. ಆ ನಾಲ್ಕು ಸೆಲ್ಲನ್ನು ಮನೆಗೆ ತಂದು ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಹಾಕಿದೆ. ಎಷ್ಟೋ ತಿಂಗಳು ಓಡಿದವು.

ಆಲ್ಕಲೈನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಿಂಡಿ ಹಿಂಡಿ ಕರೆಂಟ್ ಕೇಳದ ಕಡೆ ಅದು ಒಳ್ಳೆಯದೇ. ದೂರದಿಂದ ಫ್ಲಾಶ್ ಹೊಡೆಸುವ ರೇಡಿಯೋ ಟ್ರಿಗರ್, ಗಡಿಯಾರ, ಮೈಕು. ಇನ್ನು ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗುವ ಮಾಮೂಲಿ ಸತುವಿನ ಸೆಲ್. ಅದನ್ನು ಫ್ಲಾಶಿಗೆ ಹಾಕಬೇಡಿ, ಅದರ ಬಗ್ಗೆ ಅಷ್ಟು ಸಾಕು.

ಈಗ ರೀಚಾರ್ಜ್ ಸೆಲ್ಲಿನ ವಿಷಯಕ್ಕೆ ಬರೋಣ. ಇಲ್ಲಿ ಹಳಬರಿಗೆ ಒಂದು ಸಿಟ್ಟಿದೆ. ನನಗೂ ಇತ್ತು. ಹಳೆಯ ನಿಕಲ್ ಸೆಲ್ಲುಗಳು ಸುಮ್ನೆ ಕೂತಲ್ಲೇ ಖಾಲಿಯಾಗುತ್ತಿದ್ದವು. ಈ ವಾರ ಚಾರ್ಜ್ ಮಾಡಿ ಇಟ್ಟರೆ ಮುಂದಿನ ತಿಂಗಳ ಮದುವೆಗೆ ನಂಬುವ ಹಾಗಿರಲಿಲ್ಲ. ಅದು ಬದಲಾಗಿದ್ದು 2005ರ ನವೆಂಬರ್‌ನಲ್ಲಿ. ಜಪಾನಿನ ಸಾನ್ಯೋ ಕಂಪನಿ ಎನೆಲೂಪ್ ಅಂತ ಸೆಲ್ ಬಿಟ್ಟಿತು. ಚಾರ್ಜ್ ಮಾಡಿಯೇ ಪ್ಯಾಕ್ ಮಾಡಿ ಮಾರಿದರು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತರೂ ಚಾರ್ಜ್ ಉಳಿದಿರುತ್ತೆ ಅನ್ನುವ ಧೈರ್ಯ ಇದ್ದರೆ ಮಾತ್ರ ಹಾಗೆ ಮಾರಬಹುದು. ಆಮೇಲೆ ಸಾನ್ಯೋವನ್ನು ಪ್ಯಾನಾಸೋನಿಕ್ ಕೊಂಡುಕೊಂಡಿತು. 2013ರಿಂದ ಸೆಲ್ ಮೇಲೆ ಪ್ಯಾನಾಸೋನಿಕ್ ಹೆಸರು ಬಂತು. ಈಗ ಬೇರೆ ಕಂಪನಿಗಳೂ ಈ ಜಾತಿಯ ಸೆಲ್ ಮಾಡುತ್ತಿವೆ. 'ಲೋ ಸೆಲ್ಫ್ ಡಿಸ್ಚಾರ್ಜ್' ಅಥವಾ 'ರೆಡಿ ಟು ಯೂಸ್' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ.

ಎನೆಲೂಪ್‌ನಲ್ಲಿ ಎರಡಿದೆ. ಬಿಳಿದು 2000 ಎಂಎಎಚ್. ಕಪ್ಪು, ಅಂದರೆ ಪ್ರೋ, 2500. ಎಲ್ಲರ ಕೈ ಕಪ್ಪಿನ ಕಡೆ ಹೋಗುತ್ತದೆ. ಜಾಸ್ತಿ ಇದ್ದರೆ ಒಳ್ಳೆಯದಲ್ವಾ? ಆದರೆ ಕಂಪನಿಯೇ ಹೇಳುವ ಪ್ರಕಾರ ಬಿಳಿದನ್ನು 2100 ಸಲ ಚಾರ್ಜ್ ಮಾಡಬಹುದು, ಕಪ್ಪನ್ನು 500 ಸಲ. ಅಷ್ಟು ಸಲ ಮಾಡುವಷ್ಟು ಮದುವೆ ನಮಗೆ ಸಿಗುತ್ತೋ ಇಲ್ಲವೋ ಬೇರೆ ಮಾತು. ಕಾಲು ಪಾಲು ಜಾಸ್ತಿ ನೀರಿಗೆ ಆಯಸ್ಸಿನ ಮುಕ್ಕಾಲು ಪಾಲು ಕೊಟ್ಟ ಹಾಗಾಯಿತು. ನನ್ನ ಚೀಲದಲ್ಲಿ ಇರುವುದೆಲ್ಲ ಬಿಳಿದೇ. ಒಂದು ಸೆಟ್ ಮುಗಿದರೆ ಇನ್ನೊಂದು ಹಾಕುತ್ತೇನೆ. ಸೆಟ್ ಬದಲಿಸಲು ಹತ್ತು ಸೆಕೆಂಡ್ ಸಾಕು. ನಡುವೆ ಸೆಲ್ ಬದಲಿಸಲು ಸಾಧ್ಯವೇ ಇಲ್ಲದ ಕೆಲಸ ಮಾಡುವವರು ಕಪ್ಪು ತಗೊಳ್ಳಿ, ಅವರಿಗೆ ಅದು ಸರಿ.

ಒಂದು ಸೆಟ್ ಎಷ್ಟು ಹೊಡೆಯುತ್ತೆ ಅಂತಲೂ ನೀವೇ ಲೆಕ್ಕ ಹಾಕಬಹುದು. 1.2 ವೋಲ್ಟ್, 2000 ಎಂಎಎಚ್ ಅಂದರೆ 2 ಆಂಪಿಯರ್ ಅವರ್, ನಾಲ್ಕು ಸೆಲ್. ಒಟ್ಟು 9.6 ವ್ಯಾಟ್ ಅವರ್. ಜೂಲ್‌ನಲ್ಲಿ ಸುಮಾರು 34,500. ಅರ್ಧ ಸರ್ಕ್ಯೂಟಿನಲ್ಲಿ, ಬಿಸಿಯಲ್ಲಿ ಹೋಯ್ತು ಅಂದುಕೊಳ್ಳಿ. ಉಳಿದದ್ದನ್ನು 75ರಿಂದ ಭಾಗಿಸಿದರೆ 230. ಎಲ್ಲ ಫುಲ್ ಪವರ್‌ನಲ್ಲಿ. ಮದುವೆಯಲ್ಲಿ ಯಾರೂ ಎಲ್ಲವನ್ನೂ ಫುಲ್ ಪವರ್‌ನಲ್ಲಿ ಹೊಡೆಯೋದಿಲ್ಲವಾದ್ದರಿಂದ ನಿಜದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ.

ಒಂದು ಎಚ್ಚರಿಕೆ. ಪೆನ್ಸಿಲ್ ಸೆಲ್ ಮೇಲೆ 3600, 4700 ಎಂಎಎಚ್ ಅಂತ ಬರೆದದ್ದು ಕಂಡರೆ ನಕ್ಕು ಮುಂದೆ ಹೋಗಿ. ಈ ಅಳತೆಯ ಡಬ್ಬಿಯಲ್ಲಿ ನಿಕಲ್ ಸೆಲ್ 2700, 2800ರ ಆಚೆ ಹೋಗುವುದಿಲ್ಲ. ಪುಸ್ತಕದ ಮೇಲೆ ಸಾವಿರ ಪುಟ ಅಂತ ಬರೆದು ಒಳಗೆ ಮುನ್ನೂರು ಹಾಕಿದ ಹಾಗೆ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ. ಒಳ್ಳೆಯ ಬಿಳಿ ಸೆಲ್ 26, 27 ಗ್ರಾಂ ತೂಗುತ್ತದೆ. ಅಂಚೆ ಕಚೇರಿಯಲ್ಲಿ ಪತ್ರ ತೂಗುವ ಚಿಕ್ಕ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ್ದ ಒಂದು ಸೆಟ್ ಅದಕ್ಕಿಂತ ಎಷ್ಟೋ ಹಗುರ ಬಂತು. ವಾಪಸ್ ಕಳಿಸಿದೆ.

ಇನ್ನೊಂದು ಎಚ್ಚರಿಕೆ, ಇದು ನಗುವಂಥದ್ದಲ್ಲ. ಪೆನ್ಸಿಲ್ ಸೆಲ್ಲಿನದ್ದೇ ಅಳತೆಯ ಲಿಥಿಯಂ ಅಯಾನ್ ಸೆಲ್ ಬರುತ್ತದೆ, 14500 ಅಂತ ಹೆಸರು. ಚಿಕ್ಕ ಟಾರ್ಚುಗಳಲ್ಲಿ ಇರುತ್ತದೆ. ಫ್ಲಾಶಿನೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಒಂದೊಂದೂ 3.7 ವೋಲ್ಟ್. ನಾಲ್ಕು ಹಾಕಿದರೆ 15 ವೋಲ್ಟಿನ ಹತ್ತಿರ. 6 ವೋಲ್ಟಿಗೆ ಮಾಡಿದ ಫ್ಲಾಶ್ ಅದನ್ನು ತಡೆಯೋದಿಲ್ಲ. ನಿಕಲ್ ಜಿಂಕ್ ಅಂತ ಇನ್ನೊಂದು ಬಗೆ ಇದೆ. ಒಂದಕ್ಕೆ 1.6 ವೋಲ್ಟ್, ಚಾರ್ಜ್ ಆದ ಹೊಸತರಲ್ಲಿ ಅದಕ್ಕೂ ಮೇಲೆ. ಅದರಲ್ಲಿ ಫ್ಲಾಶ್ ಪಟಪಟ ತಯಾರಾಗುತ್ತದೆ, ನೋಡೋಕೆ ಖುಷಿ. ಆದರೆ ಅಷ್ಟು ವೋಲ್ಟೇಜಿಗೆ ಫ್ಲಾಶ್ ಮಾಡಿಲ್ಲ. ಸುಟ್ಟರೆ ವಾರಂಟಿಯವರು ಕೇಳುವ ಮೊದಲ ಪ್ರಶ್ನೆಯೇ ಯಾವ ಸೆಲ್ ಹಾಕಿದ್ರಿ ಅಂತ.

ಬಿಸಾಡುವ ಲಿಥಿಯಂ ಸೆಲ್ ಬೇರೆ. ಅದು 1.5 ವೋಲ್ಟಿನದ್ದೇ. 15 ಗ್ರಾಂ, ಕೈಗೆ ಏನೂ ಅನ್ನಿಸದಷ್ಟು ಹಗುರ. ಹಲವು ವರ್ಷ ಇಟ್ಟರೂ ಕೆಡೋದಿಲ್ಲ, ಕೊರೆಯುವ ಚಳಿಯಲ್ಲೂ ಕೆಲಸ ಮಾಡುತ್ತದೆ. ಲಡಾಖ್‌ಗೆ ಹೋಗುವವರಿಗೆ ಒಳ್ಳೆಯದು. ಆದರೆ ಫ್ಲಾಶಿನಲ್ಲಿ ಇದು ಬೇಗ ತಯಾರಾಗುತ್ತೆ ಅಂದುಕೊಂಡರೆ ತಪ್ಪು. ಅದೇ ಎಸ್‌ಬಿ-900ರಲ್ಲಿ ಲಿಥಿಯಂಗೆ 4.5 ಸೆಕೆಂಡ್, ಆಲ್ಕಲೈನ್‌ಗಿಂತಲೂ ನಿಧಾನ. ಒಳಗೆ ಬಿಸಿಯಾದರೆ ಕರೆಂಟ್ ತಡೆಯುವ ಒಂದು ರಕ್ಷಣೆಯೂ ಇದೆ. ಕ್ಯಾನನ್ ಅಂತೂ ತನ್ನ ಸ್ಪೀಡ್‌ಲೈಟ್ ಫ್ಲಾಶ್‌ಗಳ ಕೈಪಿಡಿಗಳಲ್ಲಿ ಇದನ್ನು ಹಾಕಲೇಬೇಡಿ, ವಿಪರೀತ ಬಿಸಿಯಾಗಬಹುದು ಅನ್ನುತ್ತದೆ. ನಿಮ್ಮ ಫ್ಲಾಶಿನ ಕೈಪಿಡಿ ಏನು ಹೇಳುತ್ತೋ ಅದೇ ಕೊನೆಯ ಮಾತು.

ಸರಿ, ಒಳ್ಳೆಯ ಸೆಲ್ ತಗೊಂಡಿರಿ. ಹಾಳು ಮಾಡೋದು ಹೇಗೆ? ಬಹಳ ಸುಲಭ. ಅಗ್ಗದ ಚಾರ್ಜರ್‌ಗೆ ಹಾಕಿ ರಾತ್ರಿಯಿಡೀ ಬಿಡಿ. ನಿಕಲ್ ಸೆಲ್ ತುಂಬಿದಾಗ ಅದರ ವೋಲ್ಟೇಜ್ ಒಂದು ಚೂರು ಇಳಿಯುತ್ತದೆ. ಅದನ್ನು ಕಂಡುಹಿಡಿದು ನಿಲ್ಲಿಸುವ ಚಾರ್ಜರ್ ಬೇಕು. ಬರೀ ಗಂಟೆ ಲೆಕ್ಕದಲ್ಲಿ ನಿಲ್ಲುವ ಚಾರ್ಜರ್‌ಗೆ ಇದು ಗೊತ್ತಾಗೋದಿಲ್ಲ. ಅರ್ಧ ತುಂಬಿದ ಸೆಲ್ ಹಾಕಿದರೂ ಪೂರ್ತಿ ಹೊತ್ತು ತುಂಬುತ್ತಲೇ ಇರುತ್ತದೆ. ಸೆಲ್ ಕಾಯುತ್ತದೆ, ಬೇಯುತ್ತದೆ. ಎರಡೆರಡನ್ನು ಜೋಡಿ ಮಾಡಿ ಚಾರ್ಜ್ ಮಾಡುವ ಚಾರ್ಜರ್ ಕೂಡ ಬೇಡ. ನಾಲ್ಕು ಮನೆಗೆ ನಾಲ್ಕು ದೀಪ ಇದೆಯಾ ನೋಡಿ ತಗೊಳ್ಳಿ. ಸೆಲ್ಲಿಗೆ ದುಡ್ಡು ಹಾಕಿ ಚಾರ್ಜರ್‌ನಲ್ಲಿ ಉಳಿಸುವವರನ್ನು ನೋಡಿದರೆ ನನಗೆ ರೇಷ್ಮೆ ಸೀರೆ ಕೊಂಡು ಬಟ್ಟೆ ಸೋಪಿನಲ್ಲಿ ಒಗೆಯುವವರ ನೆನಪಾಗುತ್ತದೆ.

ಎರಡನೆಯ ಉಪಾಯ, ಸೆಲ್ ಬೆರೆಸುವುದು. ನಾಲ್ಕರಲ್ಲಿ ಒಂದು ಹಳೆಯದು ಅಂತಿಟ್ಟುಕೊಳ್ಳಿ. ಅದು ಮೊದಲು ಖಾಲಿಯಾಗುತ್ತದೆ. ಉಳಿದ ಮೂರು ನಿಲ್ಲೋದಿಲ್ಲ, ಖಾಲಿಯಾದದ್ದರ ಮೂಲಕವೇ ಕರೆಂಟ್ ತಳ್ಳುತ್ತವೆ. ಖಾಲಿ ಸೆಲ್ ಉಲ್ಟಾ ಆಗುತ್ತದೆ, ಪ್ಲಸ್ ಮೈನಸ್ ಅದಲುಬದಲು. ಒಂದೆರಡು ಸಲ ಹೀಗಾದರೆ ಆ ಸೆಲ್ ಮುಗಿಯಿತು. ಅದಕ್ಕೇ ನಾನು ತಂದ ದಿನವೇ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತೇನೆ. ಅ1, ಅ2, ಅ3, ಅ4. ಮುಂದಿನ ಸೆಟ್ ಆ, ಆಮೇಲೆ ಇ. ಕೆಳಗೆ ತಿಂಗಳು, ವರ್ಷ. ನಾಲ್ಕೂ ಒಟ್ಟಿಗೆ ಚಾರ್ಜು, ಒಟ್ಟಿಗೆ ಕೆಲಸ, ಒಟ್ಟಿಗೆ ನಿವೃತ್ತಿ. ನನ್ನ ಹುಡುಗ ಒಂದು ಸಲ 'ಋ' ಸೆಟ್ ಎಲ್ಲಿ ಅಂತ ಹುಡುಕುತ್ತಿದ್ದ. ಅಷ್ಟು ಬೇಡ, ಮದುವೆಗೆ ಒಂದು ಫ್ಲಾಶಿಗೆ ಮೂರು ಸೆಟ್ ಸಾಕು.

ಡಬ್ಬಿಯಲ್ಲಿ ಇಡುವಾಗ ತುಂಬಿದ ಸೆಲ್ಲಿನ ಮೂತಿ ಮೇಲೆ, ಬಳಸಿದ್ದು ತಲೆಕೆಳಗು. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಪ್ಯಾಂಟಿನ ಜೇಬಿನಲ್ಲಿ ಹಾಗೇ ಹಾಕಬೇಡಿ. ಬೈಕಿನ ಕೀ ಎರಡೂ ತುದಿಗೆ ತಾಗಿದರೆ ಆಯಿತು. ಪೈಪು ದಪ್ಪ ಅಂತ ಹೊಗಳಿದೆನಲ್ಲ, ಅದೇ ದಪ್ಪ ಪೈಪಿನಲ್ಲಿ ಕರೆಂಟ್ ನಿಮ್ಮ ತೊಡೆಯ ಹತ್ತಿರ ಹರಿಯುತ್ತದೆ. ನನಗೆ ಆಗಿದೆ. ಊಟದ ಪಂಕ್ತಿಯ ನಡುವೆ ಕುಣಿದಿದ್ದೇನೆ.

ನಮ್ಮ ಮಲೆನಾಡಿಗೆ ಸೇರಿದ ಒಂದು ಮಾತು. ಸೆಲ್ ಎಷ್ಟು ಒಳ್ಳೆಯದಾದರೂ ನಾಲ್ಕು ಸೆಲ್ಲಿಗೆ ಎಂಟು ಮುಟ್ಟುವ ಜಾಗ. ಮಳೆಗಾಲದ ತೇವಕ್ಕೆ ಅಲ್ಲಿ ತೆಳುವಾಗಿ ಕಿಲುಬು ಕೂರುತ್ತದೆ, ಕಣ್ಣಿಗೂ ಕಾಣೋದಿಲ್ಲ. ಸಾಲೆ ಮಕ್ಕಳ ಪೆನ್ಸಿಲ್ ರಬ್ಬರ್ ತಗೊಂಡು ಸೆಲ್ಲಿನ ಎರಡೂ ತುದಿ, ಫ್ಲಾಶಿನ ಒಳಗಿನ ತಗಡು ಉಜ್ಜಿ. ರಬ್ಬರಿನ ಚೂರು ಒಳಗೆ ಬೀಳದ ಹಾಗೆ ಫ್ಲಾಶ್ ತಲೆಕೆಳಗು ಹಿಡಿದುಕೊಳ್ಳಿ. ಸೆಲ್ ವೀಕಾಯ್ತು ಅಂತ ಎಸೆಯಲು ಹೊರಟಿದ್ದ ಇಬ್ಬರಿಗೆ ನಾನು ಇದೊಂದನ್ನೇ ಹೇಳಿ ಸೆಲ್ ಉಳಿಸಿಕೊಟ್ಟಿದ್ದೇನೆ.

ಇನ್ನು ಖರ್ಚೇ ಇಲ್ಲದ ಸೆಲ್ ಒಂದಿದೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಅಂಕಿ. 400ರಲ್ಲಿ ಹೊಡೆಯುತ್ತಿದ್ದವರು 1600ಕ್ಕೆ ಹೋದರೆ ಫ್ಲಾಶ್ ಕಾಲು ಭಾಗ ಬೆಳಕು ಕೊಟ್ಟರೆ ಸಾಕು. ಕಾಲು ಭಾಗ ಸುರಿದರೆ ಕಾಲು ಭಾಗವೇ ತುಂಬಿಸಬೇಕು. ಒಂದು ಸೆಟ್ಟಿನಲ್ಲಿ ನಾಲ್ಕು ಪಟ್ಟು ಫೋಟೋ, ಕಾಯುವುದು ಅರ್ಧ ಸೆಕೆಂಡಿನ ಆಸುಪಾಸು. ಈಗಿನ ಕ್ಯಾಮೆರಾಗಳಲ್ಲಿ 1600 ಅಂದರೆ ಏನೂ ಅಲ್ಲ. ಆದರೂ ಫಿಲಂ ಕಾಲದ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಎತ್ತರದ ಛತ್ರದಲ್ಲಿ ಮೇಲೆ ಬೌನ್ಸ್ ಮಾಡಿ, ಐಎಸ್‌ಒ 200 ಇಟ್ಟು, ಸೆಲ್ ಸರಿ ಇಲ್ಲ ಅಂತ ಬೈಯುತ್ತೇವೆ.

ಬೇಗ ತಯಾರಾಗುವ ಸೆಲ್ ಸಿಕ್ಕಿತು ಅಂತ ಪಟಾಕಿ ಸರದ ಹಾಗೆ ಹೊಡೆಯಲೂಬಾರದು. ಕ್ಯಾನನ್ 430ಇಎಕ್ಸ್-2 ಫ್ಲಾಶಿನ ಕೈಪಿಡಿ ಒಂದೇ ಸಮನೆ 20 ಹೊಡೆದರೆ ಕನಿಷ್ಠ 10 ನಿಮಿಷ ಬಿಡುವು ಕೊಡಿ ಅನ್ನುತ್ತದೆ. ಆಲ್ಕಲೈನ್ ನಿಧಾನವಾದ್ದರಿಂದ ತಾನಾಗಿಯೇ ಬಿಡುವು ಸಿಗುತ್ತಿತ್ತು. ಈಗ ನಾವೇ ನೆನಪಿಟ್ಟುಕೊಳ್ಳಬೇಕು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

(ಮೊದಲು ಕೇಳಿದ್ದು ಸ್ಟುಡಿಯೋ ನಡೆಸುವ ಒಬ್ಬರು ಮೇಡಂ. ಈಗ ಗೋಡಾಕ್ಸ್ ಕಂಪನಿಯ ಫ್ಲಾಶ್‌ನಲ್ಲಿ ದೊಡ್ಡ ಬ್ಯಾಟರಿಯೇ ಬರುತ್ತಲ್ಲ ಸರ್, ಈ ಪೆನ್ಸಿಲ್ ಸೆಲ್ ಸಂಸಾರ ಯಾಕೆ ಅಂತ.)

ಒಳ್ಳೆಯ ಪ್ರಶ್ನೆ ಮೇಡಂ. ಹೊಸದಾಗಿ ಫ್ಲಾಶ್ ತಗೊಳ್ಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. 2019ರಲ್ಲಿ ಬಂದ ಗೋಡಾಕ್ಸ್ ವಿ1ರಲ್ಲಿ 7.2 ವೋಲ್ಟ್, 2600 ಎಂಎಎಚ್ ಲಿಥಿಯಂ ಪ್ಯಾಕ್ ಇದೆ. ಕಂಪನಿ ಲೆಕ್ಕದಲ್ಲಿ ಫುಲ್ ಪವರ್‌ನಲ್ಲಿ ಸುಮಾರು 480 ಫ್ಲಾಶ್, ಒಂದೂವರೆ ಸೆಕೆಂಡಿನಲ್ಲಿ ತಯಾರು. ಪೆನ್ಸಿಲ್ ಸೆಲ್ ಇದರ ಹತ್ತಿರಕ್ಕೂ ಬರೋದಿಲ್ಲ. ಕ್ಯಾನನ್ ಕೂಡ ಇಎಲ್-1 ಫ್ಲಾಶ್‌ನಲ್ಲಿ ಅದೇ ದಾರಿ ಹಿಡಿಯಿತು. ಆದರೆ ಪ್ಯಾಕ್ ಮುಗಿದರೆ ಹಳ್ಳಿಯ ಅಂಗಡಿಯಲ್ಲಿ ಸಿಗೋದಿಲ್ಲ. ಹಾಗಾಗಿ ಎರಡು ಪ್ಯಾಕ್ ಬೇಕೇ ಬೇಕು. ಉಬ್ಬಿದ ಪ್ಯಾಕ್ ಕಂಡರೆ ಅವತ್ತೇ ಬಿಡಿ. ಮದುವೆಗೆ ಅಂತ ವಿಮಾನದಲ್ಲಿ ಹೋದರೆ ಬಿಡಿ ಪ್ಯಾಕ್‌ಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್ ಒಳಗಿದ್ದರೆ ತೊಂದರೆ ಇಲ್ಲ, ಇದು 19ರ ಹತ್ತಿರ. ಈಗಾಗಲೇ ಪೆನ್ಸಿಲ್ ಸೆಲ್ ಫ್ಲಾಶ್ ಇರುವವರು ಅದನ್ನು ಮಾರುವ ಅಗತ್ಯ ಇಲ್ಲ, ಒಳ್ಳೆಯ ಸೆಲ್ ಹಾಕಿ.

(ಹಿಂದೆ ನಿಂತಿದ್ದ ಹುಡುಗನೊಬ್ಬ ಯುಎಸ್‌ಬಿ ವೈರಿನಲ್ಲಿ ನೇರವಾಗಿ ಚಾರ್ಜ್ ಆಗುವ 1.5 ವೋಲ್ಟಿನ ಸೆಲ್ ಜೇಬಿನಿಂದ ತೆಗೆದು ತೋರಿಸಿದ. ಇದು ಹೆಂಗಣ್ಣ?)

ತಮ್ಮಾ, ಇದರೊಳಗೆ ಲಿಥಿಯಂ ಅಯಾನ್ ಸೆಲ್ ಇದೆ, ಜೊತೆಗೆ ವೋಲ್ಟೇಜ್ ಇಳಿಸುವ ಒಂದು ಪುಟ್ಟ ಸರ್ಕ್ಯೂಟ್. ಕೊನೆಯ ತನಕ 1.5 ಕೊಡುತ್ತದೆ, ನಿಜ. ಆದರೆ ಆ ಸರ್ಕ್ಯೂಟ್ ಇಂತಿಷ್ಟು ಆಂಪಿಯರ್ ಅಂತ ಗೆರೆ ಹಾಕಿಕೊಂಡಿರುತ್ತದೆ. ಫ್ಲಾಶ್ ತುಂಬಿಸಿಕೊಳ್ಳುವಾಗ ಐದು ಆಂಪಿಯರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೇಳುತ್ತದೆ. ಆಗ ಸೆಲ್ ಕೈ ಎತ್ತಿಬಿಡಬಹುದು. ಖಾಲಿಯಾಗುವಾಗಲೂ ಸೂಚನೆ ಕೊಡೋದಿಲ್ಲ, ಒಮ್ಮೆಗೇ ಬಂದ್. ಕೀಬೋರ್ಡು, ಆಟಿಕೆಗೆ ಇರಲಿ.

(ಕೊನೆಗೆ ಎದ್ದು ನಿಂತವರು ನಮ್ಮೆಲ್ಲರಿಗಿಂತ ಹಿರಿಯರು. ಅವರು ಪ್ರಶ್ನೆ ಕೇಳಲಿಲ್ಲ. ಬಟ್ಟೆ ಚೀಲದಿಂದ ಒಂದು ಹಳೆಯ ಫ್ಲಾಶ್ ತೆಗೆದು ಮೇಜಿನ ಮೇಲೆ ಇಟ್ಟರು. "ಹತ್ತು ವರ್ಷ ಆಯ್ತು ಮಾರಾಯ. ಸೆಲ್ ಒಳಗೇ ಇದ್ದೋ ಏನೋ" ಅಂದರು.)

ಇದನ್ನು ಬರೆದು ಹೇಳುವುದಕ್ಕಿಂತ ನೋಡಬೇಕಿತ್ತು. ಮುಚ್ಚಳ ಸುಲಭಕ್ಕೆ ಬರಲಿಲ್ಲ. ಒಳಗೆ ನಾಲ್ಕು ಆಲ್ಕಲೈನ್ ಸೆಲ್, ಒಂದರ ಬಾಲದಿಂದ ಸೋರಿ ಬಿಳಿ ಹಿಟ್ಟು ಕಟ್ಟಿತ್ತು. ಆಲ್ಕಲೈನ್ ಸೆಲ್ಲನ್ನು ಒಳಗೇ ಬಿಟ್ಟರೆ ಹೀಗೇ ಆಗೋದು. ಆಷಾಢ ಬಂದ ಕೂಡಲೇ ಸೆಲ್ ಹೊರಗೆ ತೆಗೆದಿಡಿ ಅಂತ ನಾನು ಹೇಳಲು ಮರೆತಿದ್ದೆ, ಅವರು ನೆನಪಿಸಿದರು. ಆ ಹಿಟ್ಟು ಕ್ಷಾರ, ಕೈಗೆ ತಾಗಿದರೆ ಉರಿಯುತ್ತದೆ. ಅಡುಗೆಯವರ ಹತ್ತಿರ ಅರ್ಧ ನಿಂಬೆಹಣ್ಣು ಇಸಿದುಕೊಂಡೆವು. ಹತ್ತಿಗೆ ಎರಡು ಹನಿ ಹಿಂಡಿ ತಗಡನ್ನು ಒರೆಸಿದೆವು. ನೊರೆಯಂತೆ ಬಂತು. ಆಮೇಲೆ ಒದ್ದೆ ಹತ್ತಿ, ಆಮೇಲೆ ಒಣ ಬಟ್ಟೆ, ಆಮೇಲೆ ರಬ್ಬರ್. ಫ್ಲಾಶಿನ ಮೈ ಬಿಚ್ಚಲು ಒಬ್ಬ ಸ್ಕ್ರೂಡ್ರೈವರ್ ತಂದ, ನಾನು ಕೈ ಹಿಡಿದೆ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿದ್ದರೆ ಅದು ಆಟದ ಸಾಮಾನಲ್ಲ. ಸೆಲ್ ತೆಗೆದ ಮಾತ್ರಕ್ಕೆ ಅದು ಹೋಗುವುದೂ ಇಲ್ಲ.

ನನ್ನ 'ಅ' ಸೆಟ್ ಹಾಕಿ ಸ್ವಿಚ್ ಒತ್ತಿದೆವು. ಕುಂಯ್ ಅಂದಿತು. ಇಡೀ ಕೋಣೆ ಸುಮ್ಮನಾಯಿತು. ವರ್ಷಗಟ್ಟಲೆ ಮಲಗಿದ ಕೆಪಾಸಿಟರ್ ಮೊದಮೊದಲು ಬಹಳ ಕರೆಂಟ್ ಕುಡಿಯುತ್ತದೆ, ಮೆಲ್ಲಗೆ ಪಳಗುತ್ತದೆ. ಹಾಗಾಗಿ ಅವಸರ ಮಾಡಲಿಲ್ಲ. ಹುಡುಗರು ಜೋರಾಗಿ ಎಣಿಸತೊಡಗಿದರು. ಮೊದಲ ಸಲ ನಲವತ್ತೊಂದಕ್ಕೆ ದೀಪ ಹತ್ತಿತು. ಹೊಡೆದೆವು, ಒಂದು ನಿಮಿಷ ಬಿಟ್ಟೆವು. ಎರಡನೇ ಸಲ ಹತ್ತೊಂಬತ್ತು. ಆಮೇಲೆ ಹನ್ನೊಂದು, ಎಂಟು. ಐದನೇ ಸಲ ಎಣಿಕೆ ಆರಕ್ಕೆ ಬಂದಾಗ ದೀಪ ಹತ್ತಿತು. ಹಿರಿಯರು ಫ್ಲಾಶನ್ನು ನನ್ನ ಮುಖಕ್ಕೇ ಹಿಡಿದು ಟೆಸ್ಟ್ ಬಟನ್ ಒತ್ತಿದರು. ಕಣ್ಣು ಸರಿಹೋಗುವಷ್ಟರಲ್ಲಿ ಕೆಳಗಿನಿಂದ ಊಟಕ್ಕೆ ಕರೆದರು. ಆ ನಾಲ್ಕು ಸೆಲ್ ಅವರ ಫ್ಲಾಶಿನಲ್ಲೇ ಮನೆಗೆ ಹೋದವು.